ಅರ್ಲಿ ಡಿಸಿಷನ್: ಸೀಟು ಡಿಸೆಂಬರ್‌ನಲ್ಲಿ, ಲೆಕ್ಕ ಮಾತ್ರ ಅಕ್ಟೋಬರ್‌ನಲ್ಲೇ ಆಗಬೇಕು

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮನೆಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಒಂದೇ ಚರ್ಚೆ: ಅರ್ಲಿ ಹಾಕುವುದೋ, ರೆಗ್ಯುಲರ್ ಸಾಕೋ. ನಮ್ಮ ಕೆಇಎ ಕೌನ್ಸೆಲಿಂಗ್ ಕಂಡವರಿಗೆ ಅರ್ಲಿ ಡಿಸಿಷನ್ ಏನೆಂದು ಒಂದೇ ಮಾತಿನಲ್ಲಿ ಹೇಳಬಹುದು. ಸೀಟು ಹಂಚಿಕೆಗೆ ಮುಂಚೆ, ಶುಲ್ಕ ಎಷ್ಟೆಂದು ತಿಳಿಯುವುದಕ್ಕೂ ಮುಂಚೆ, ‘ಈ ಸೀಟೇ ಸಾಕು, ಸೇರುತ್ತೇನೆ’ ಎನ್ನುವ ಛಾಯ್ಸ್ 1 ಒತ್ತಿಬಿಡುವುದು. ಸಿಕ್ಕರೆ ಅಲ್ಲೇ ಸೇರಬೇಕು, ಬೇರೆ ಕಡೆ ಹಾಕಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು.

ಕಾಲೇಜುಗಳು ಕೊಡುವ ಈ ಸೌಲಭ್ಯವನ್ನು ಒಂದು ಸರಕಿನಂತೆ ಕೈಗೆತ್ತಿಕೊಂಡು ನೋಡಿದರೆ ಕೊಡುಕೊಳ್ಳುವ ವ್ಯವಹಾರ ಸ್ಪಷ್ಟವಾಗುತ್ತದೆ. ಕಾಲೇಜು ನಿಮಗೆ ಕೊಡುವುದು ಸ್ವಲ್ಪ ಹೆಚ್ಚಿನ ಅವಕಾಶ ಮತ್ತು ಮೂರು ತಿಂಗಳ ನೆಮ್ಮದಿ. ನೀವು ಕೊಡುವುದು ನಾಲ್ಕು ಕಾಲೇಜುಗಳ ಬಿಲ್ಲನ್ನು ಪಕ್ಕಪಕ್ಕ ಇಟ್ಟು ನೋಡುವ ಹಕ್ಕು. ಆ ಹಕ್ಕಿನ ಬೆಲೆ ಒಂದೊಂದು ಮನೆಗೆ ಒಂದೊಂದು. ಕೆಲವರಿಗೆ ಸೊನ್ನೆ, ಕೆಲವರಿಗೆ ಕೋಟಿ ರೂಪಾಯಿ.

ದಿನಾಂಕಗಳು ಹೀಗಿವೆ. ಮೊದಲ ಸುತ್ತಿನ ಅರ್ಲಿ ಡಿಸಿಷನ್‌ಗೆ ಹೆಚ್ಚಿನ ಕಡೆ ನವೆಂಬರ್ 1, ಕೆಲವು ಕಡೆ 15 ಕೊನೆಯ ದಿನ; ಉತ್ತರ ಡಿಸೆಂಬರ್ ಮಧ್ಯಕ್ಕೆ. ಎರಡನೇ ಸುತ್ತು, ಅಂದರೆ ಇ.ಡಿ. 2, ಜನವರಿ ಮೊದಲ ದಿನಗಳಲ್ಲಿ ಮುಗಿದು ಫೆಬ್ರುವರಿ ಮಧ್ಯಕ್ಕೆ ಉತ್ತರ ಬರುತ್ತದೆ. ರೆಗ್ಯುಲರ್‌ನ ಅರ್ಜಿಯೂ ಜನವರಿ ಆರಂಭಕ್ಕೇ, ಆದರೆ ಉತ್ತರ ಮಾರ್ಚ್ ಕೊನೆಗೆ, ನಿಮ್ಮ ನಿರ್ಧಾರ ಮೇ 1ರೊಳಗೆ. ಇವೆಲ್ಲದರ ಪಕ್ಕದಲ್ಲಿ ಅರ್ಲಿ ಆ್ಯಕ್ಷನ್ ಇದೆ. ಅದಕ್ಕೂ ಅರ್ಜಿ, ಉತ್ತರ ಎರಡೂ ಬೇಗ, ಕಟ್ಟುಪಾಡು ಮಾತ್ರ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಇದನ್ನೇ ಬಿಗಿ ಮಾಡಿ ಕೊಡುತ್ತವೆ: ಸೇರಲೇಬೇಕೆಂದಿಲ್ಲ, ಆದರೆ ಬೇರೆ ಖಾಸಗಿ ಕಾಲೇಜುಗಳಿಗೆ ಅದೇ ವೇಳೆಗೆ ಅರ್ಲಿ ಹಾಕುವಂತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು.

ಜಾಹೀರಾತಿನಲ್ಲಿರುವ ಶೇಕಡಾವಾರು

ಅರ್ಲಿಯಲ್ಲಿ ಅವಕಾಶ ಮೂರ್ನಾಲ್ಕು ಪಟ್ಟು ಅನ್ನುವ ಮಾತು ಎಲ್ಲ ಕೌನ್ಸೆಲಿಂಗ್ ಸೆಂಟರ್‌ಗಳ ಗೋಡೆಯ ಮೇಲೂ ಇರುತ್ತದೆ. ಅಂಕಿಅಂಶ ಸುಳ್ಳಲ್ಲ. 2024ರ ಬೇಸಿಗೆ ಕಳೆದ ಮೇಲೆ ಸೇರಿದ ಬ್ಯಾಚಿಗೆ ಬ್ರೌನ್ ವಿಶ್ವವಿದ್ಯಾಲಯ ಅರ್ಲಿ ಡಿಸಿಷನ್‌ನಲ್ಲಿ 6,244 ಅರ್ಜಿಗಳಲ್ಲಿ 898 ಜನರನ್ನು ತೆಗೆದುಕೊಂಡಿತು, ಅಂದರೆ ಶೇ. 14ಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು 48,881 ಅರ್ಜಿಗಳಲ್ಲಿ 2,521 ಆಯ್ಕೆ. ಕಳೆದು ನೋಡಿದರೆ ರೆಗ್ಯುಲರ್‌ನವರಿಗೆ ಉಳಿದದ್ದು ಶೇ. 4ಕ್ಕೂ ಕಡಿಮೆ.

ಈಗ ಆ 898ರ ಒಳಗೆ ಯಾರಿದ್ದಾರೆ ನೋಡಿ. ಕೋಚ್‌ಗಳು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳು ಬರುವುದು ಇದೇ ಸುತ್ತಿನಲ್ಲಿ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಕೊಡುವ ಕಾಲೇಜುಗಳಲ್ಲಿ ಆ ಮಕ್ಕಳು ಹಾಕುವುದೂ ಹೆಚ್ಚಾಗಿ ಇಲ್ಲೇ. ಅವರನ್ನು ತೆಗೆದ ಮೇಲೆ, ಯಾವ ಹಿಡಿತವೂ ಇಲ್ಲದ ಬೆಂಗಳೂರಿನ ಹುಡುಗಿಗೆ ಉಳಿಯುವ ಅನುಕೂಲ ಇದ್ದೇ ಇದೆ, ಆದರೆ ಮೂರು ಪಟ್ಟಲ್ಲ. ರೆಗ್ಯುಲರ್‌ನಲ್ಲಿ ಬರಬಹುದಾದ ಅರ್ಜಿಯನ್ನು ಅರ್ಲಿ ಮೇಲಕ್ಕೆ ತಳ್ಳುತ್ತದೆ. ಬರಲಾರದ ಅರ್ಜಿಯನ್ನು ಡಿಸೆಂಬರ್‌ನಲ್ಲೇ ತಿರಸ್ಕರಿಸುತ್ತದೆ, ಅಷ್ಟೆ.

ಸೆಂಟರ್‌ನವರು ಹೇಳಿದ್ದನ್ನು ನಂಬುವ ಬದಲು ಮನೆಯಲ್ಲೇ ಹತ್ತು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ. ಅದು ಕಾಲೇಜೇ ಪ್ರಕಟಿಸುವ ಅಂಕಿಅಂಶಗಳ ಕಡತ, ಸಿ1, ಸಿ21 ಎಂಬುವು ಅದರ ವಿಭಾಗಗಳು. ಸಿ1ರಲ್ಲಿ ಒಟ್ಟು ಅರ್ಜಿ, ಒಟ್ಟು ಆಯ್ಕೆ ಇರುತ್ತವೆ. ಸಿ21ರಲ್ಲಿ ಅರ್ಲಿ ಡಿಸಿಷನ್‌ನ ಅರ್ಜಿ, ಆಯ್ಕೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ರೆಗ್ಯುಲರ್ ಸಿಗುತ್ತದೆ. ಕಾಲೇಜಿಗೆ ಅರ್ಲಿ ಆ್ಯಕ್ಷನ್ ಕೂಡ ಇದ್ದರೆ ಅದೂ ಈ ಉಳಿಕೆಯಲ್ಲೇ ಸೇರಿಕೊಂಡಿರುತ್ತದೆ, ಅದನ್ನು ಮರೆಯಬೇಡಿ. ಅದೇ ಕಡತದಲ್ಲಿ ಇನ್ನೆರಡು ಜಾಗ ನೋಡಲೇಬೇಕು. ಸಿ7ರಲ್ಲಿ ‘ಅರ್ಜಿದಾರರ ಆಸಕ್ತಿ’ಗೆ ಎಷ್ಟು ಬೆಲೆ ಕೊಡುತ್ತೇವೆ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ಎಚ್6ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟು ಜನಕ್ಕೆ, ಸರಾಸರಿ ಎಷ್ಟು ಡಾಲರ್ ನೆರವು ಕೊಟ್ಟೆವು ಎಂದಿರುತ್ತದೆ. ಎಚ್6ರಲ್ಲಿ ಸೊನ್ನೆ ಇದ್ದು, ನಿಮಗೆ ನೆರವು ಬೇಕಿದ್ದರೆ, ಆ ಕಾಲೇಜಿಗೆ ಅರ್ಲಿ ಹಾಕುವುದು ಶುಲ್ಕ ದಂಡ.

ಒಪ್ಪಂದದ ಒಳಗಿರುವ ಒಂದು ವಾಕ್ಯ

ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ಕಾಲೇಜು ಸೇರಿಸಿ, ಯೋಜನೆಯಲ್ಲಿ ಅರ್ಲಿ ಡಿಸಿಷನ್ ಆರಿಸಿದ ಕೂಡಲೇ ‘ರೆಕಮೆಂಡರ್ಸ್ ಆ್ಯಂಡ್ ಫೆರ್ಪಾ’ ಪುಟದಲ್ಲಿ ಒಪ್ಪಂದ ಕಾಣಿಸಿಕೊಳ್ಳುತ್ತದೆ. ಸಹಿ ಮೂವರದು: ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್. ಇದು ಕೋರ್ಟಿಗೆ ಎಳೆಯುವ ಕರಾರಲ್ಲ, ಯಾರೂ ನೋಟಿಸ್ ಕಳಿಸುವುದಿಲ್ಲ. ಆದರೆ ಮೂರನೇ ಸಹಿ ಶಾಲೆಯದು. ಮಾತು ತಪ್ಪಿದ ಶಾಲೆಯ ಮುಂದಿನ ವರ್ಷದ ಮಕ್ಕಳ ಅರ್ಜಿಯನ್ನು ಕಾಲೇಜು ಯಾವ ಕಣ್ಣಿನಿಂದ ನೋಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಪ್ರಿನ್ಸಿಪಾಲರು ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಕೋಪಿಸಿಕೊಳ್ಳಬೇಡಿ.

ಬಿಡುಗಡೆಗೆ ದಾರಿ ಒಂದೇ, ಅದು ಒಪ್ಪಂದದಲ್ಲೇ ಇದೆ: ಹಣಕಾಸಿನ ನೆರವು ಕೇಳಿ ಅರ್ಜಿ ಹಾಕಿದವರಿಗೆ, ಓದಲು ಸಾಧ್ಯವಾಗುವಷ್ಟು ನೆರವು ಸಿಗದಿದ್ದರೆ ಸೀಟು ಬೇಡ ಎನ್ನಬಹುದು. ‘ನೆರವು ಕೇಳಿದವರಿಗೆ’ ಅನ್ನುವುದನ್ನು ಎರಡು ಸಲ ಓದಿ. ಅವಕಾಶ ಕಡಿಮೆಯಾದೀತೆಂದು ಹೆದರಿ ನೆರವು ಬೇಡ ಎಂದು ಗುರುತು ಹಾಕಿ, ಡಿಸೆಂಬರ್‌ನಲ್ಲಿ ಸೀಟು ಬಂದ ಮೇಲೆ ದುಡ್ಡಿಲ್ಲ ಎಂದರೆ ಈ ವಾಕ್ಯ ನಿಮ್ಮ ನೆರವಿಗೆ ಬರುವುದಿಲ್ಲ. ಅನೇಕ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿ ಮೊದಲ ವರ್ಷ ನೆರವು ಕೇಳದಿದ್ದರೆ ಮುಂದಿನ ಮೂರು ವರ್ಷವೂ ಕೇಳುವಂತಿಲ್ಲ.

ಮೊತ್ತ ಸಣ್ಣದಲ್ಲ. ದೊಡ್ಡ ಹೆಸರಿನ ಖಾಸಗಿ ಕಾಲೇಜಿನಲ್ಲಿ ಬೋಧನೆ, ವಸತಿ, ಊಟ, ವಿಮೆ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿದೆ. ಡಾಲರ್‌ಗೆ 85 ರೂಪಾಯಿ ಹಿಡಿದರೂ ವರ್ಷಕ್ಕೆ 76 ಲಕ್ಷ, ನಾಲ್ಕು ವರ್ಷಕ್ಕೆ ಮೂರು ಕೋಟಿಗೂ ಮೇಲೆ. ಶುಲ್ಕ ಪ್ರತಿ ವರ್ಷ ಏರುತ್ತದೆ, ರೂಪಾಯಿ ಯಾವ ಕಡೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಆದ್ದರಿಂದ ಅರ್ಲಿ ಹಾಕುವ ಮುಂಚಿನ ಕೆಲಸ ಪ್ರಬಂಧವಲ್ಲ, ನೆರವು ಕಳೆದು ನೀವು ಕಟ್ಟಬೇಕಾದದ್ದೆಷ್ಟು ಎಂದು ಅಂದಾಜು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್. 2011ರ ಅಕ್ಟೋಬರ್‌ನಿಂದ ಅಮೆರಿಕದ ಕಾಲೇಜುಗಳು ಇದನ್ನು ವೆಬ್‌ಸೈಟ್‌ನಲ್ಲಿ ಇಡುವುದು ಕಾನೂನಿನ ಪ್ರಕಾರ ಕಡ್ಡಾಯ. ಸಂಬಳದ ಆದಾಯ, ಒಂದೇ ಮನೆ, ಅಮೆರಿಕದ ಪೌರತ್ವ ಇರುವ ಕುಟುಂಬಕ್ಕೆ ಇದರ ಉತ್ತರ ಬಹುಮಟ್ಟಿಗೆ ಸರಿ ಬರುತ್ತದೆ. ನಮ್ಮವರಿಗೆ ಕೈ ಕೊಡುವುದು ಬೇರೆ ಕಾರಣಕ್ಕೆ. ಸ್ವಂತ ವ್ಯಾಪಾರ, ಬಾಡಿಗೆಗೆ ಕೊಟ್ಟ ಎರಡನೇ ಮನೆ, ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿರುವ ಸೈಟು, ಊರಿನ ತೋಟ ಇವು ಯಾವುದೂ ಆ ಕ್ಯಾಲ್ಕುಲೇಟರ್‌ಗೆ ಸರಿಯಾಗಿ ಅರ್ಥವಾಗುವುದಿಲ್ಲ. ಭಾರತದಿಂದ ಹಾಕುವವರಿಗಂತೂ ಅದು ತೋರಿಸುವ ಅಂಕಿ ಬರೀ ಸೂಚನೆ. ಕೆಲವು ಕಾಲೇಜುಗಳು ಮಾತ್ರ ವಿದೇಶಿಯರಿಗೆಂದು ಬೇರೆ ಕ್ಯಾಲ್ಕುಲೇಟರ್ ಇಟ್ಟಿವೆ. ಸೆಪ್ಟೆಂಬರ್‌ನಲ್ಲೇ ನೆರವಿನ ಕಚೇರಿಗೆ ಆದಾಯ, ಆಸ್ತಿಯ ಅಂಕಿ ಬರೆದು ಇಮೇಲ್ ಮಾಡಿ, ಅಂದಾಜು ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ. ಉತ್ತರಿಸಿದವರ ಇಮೇಲನ್ನು ಜೋಪಾನವಾಗಿಡಿ, ಡಿಸೆಂಬರ್‌ನಲ್ಲಿ ಮರುಪರಿಶೀಲನೆ ಕೇಳುವಾಗ ಅದೇ ಆಧಾರ.

ನಿಜವಾದ ಲೆಕ್ಕ ನಡೆಯುವುದು ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ, ಅಂದರೆ ಅನೇಕ ಖಾಸಗಿ ಕಾಲೇಜುಗಳು ಕೇಳುವ ನೆರವಿನ ಆನ್‌ಲೈನ್ ಫಾರಂನಲ್ಲಿ. ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಮೊದಲ ಕಾಲೇಜಿಗೆ 25 ಡಾಲರ್, ನಂತರ ಒಂದೊಂದಕ್ಕೆ 16. ಅರ್ಲಿಯವರಿಗೆ ಇದರ ಗಡುವು ನವೆಂಬರ್ ಮೊದಲ ಎರಡು ವಾರದೊಳಗೇ ಬರುತ್ತದೆ. ಭಾರತದಲ್ಲಿರುವವರು ಆದಾಯ, ಆಸ್ತಿಯ ಅಂಕಿಗಳನ್ನು ರೂಪಾಯಿಯಲ್ಲೇ ಬರೆಯಬಹುದು. ಹೆಚ್ಚು ಎಡವುವ ಜಾಗ ಎರಡು. ಫಾರಂ ಕೇಳುವುದು ಆದಾಯ ಬಂದ ವರ್ಷ. ನಮ್ಮ ಐಟಿಆರ್ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಅಸೆಸ್‌ಮೆಂಟ್ ಇಯರ್, ಅದು ಒಂದು ವರ್ಷ ಮುಂದಿರುತ್ತದೆ. ಅದನ್ನೇ ನೋಡಿ ತಪ್ಪು ವರ್ಷದ ಕಾಗದ ಅಪ್‌ಲೋಡ್ ಮಾಡಿದರೆ ಕಡತ ಅಪೂರ್ಣವೆಂದು ನಿಂತುಬಿಡುತ್ತದೆ, ಡಿಸೆಂಬರ್‌ನಲ್ಲಿ ಸೀಟಿನ ಪತ್ರ ಬಂದರೂ ನೆರವಿನ ಪತ್ರ ಬರುವುದಿಲ್ಲ. ಇನ್ನೊಂದು, ಕೃಷಿ ಆದಾಯ. ಇಲ್ಲಿ ತೆರಿಗೆ ಇಲ್ಲ ಎಂದು ಅಡಿಕೆ, ಕಾಫಿಯ ದುಡ್ಡನ್ನು ಬಿಟ್ಟುಬಿಡುತ್ತಾರೆ. ಫಾರಂನಲ್ಲಿ ತೆರಿಗೆ ಇಲ್ಲದ ಆದಾಯಕ್ಕೆಂದೇ ಜಾಗ ಇದೆ, ಅಲ್ಲಿ ಬರೆಯಬೇಕು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ದುಡ್ಡು ಕಂಡು ಫಾರಂನಲ್ಲಿ ಕಾಣದಿದ್ದರೆ ಪ್ರಶ್ನೆಗಳು ಶುರುವಾಗುತ್ತವೆ.

ವಿದೇಶಿ ವಿದ್ಯಾರ್ಥಿಯ ಆಯ್ಕೆಯಲ್ಲೂ ಹಣದ ಅಗತ್ಯ ನೋಡದೆ, ಪೂರ್ತಿ ಅಗತ್ಯ ತುಂಬಿಕೊಡುವ ಕಾಲೇಜುಗಳು ಬೆರಳೆಣಿಕೆ. ಅವುಗಳಲ್ಲಿ ಅರ್ಲಿ ಡಿಸಿಷನ್ ಇರುವವುಗಳ ಪೈಕಿ ಬ್ರೌನ್, ಡಾರ್ಟ್‌ಮತ್, ಆ್ಯಮ್‌ಹರ್ಸ್ಟ್, ಬೌಡನ್ ಸೇರಿವೆ. ನೆರವು ಬೇಕಿರುವ ಕರ್ನಾಟಕದ ವಿದ್ಯಾರ್ಥಿಗೆ ಈ ಸರಕು ಅತ್ಯಂತ ಲಾಭದಲ್ಲಿ ಸಿಗುವುದು ಇಲ್ಲೇ. ಉಳಿದೆಡೆ, ಹಣ ಕೇಳಿದವರ ಅರ್ಜಿ ಬೇರೆ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲೂ ಅರ್ಲಿಗೆ ಒಂದು ಲಾಭ ಉಂಟು, ನೆರವಿನ ಗಂಟು ಇನ್ನೂ ಕರಗಿರುವುದಿಲ್ಲ. ಮೆರಿಟ್ ಸ್ಕಾಲರ್‌ಶಿಪ್ ನಂಬಿಕೊಂಡವರಿಗೆ ಮಾತ್ರ ಅರ್ಲಿ ಡಿಸಿಷನ್ ಬೇಡವೇ ಬೇಡ. ಬಂದೇ ಬರುತ್ತೇನೆ ಎಂದು ಬರೆದುಕೊಟ್ಟವನಿಗೆ ರಿಯಾಯಿತಿ ಕೊಡಲು ಯಾವ ಅಂಗಡಿಗೂ ಅವಸರವಿಲ್ಲ.

ನವೆಂಬರ್ 1 ಮತ್ತು ನಮ್ಮ ಶಾಲೆಗಳು

ಗಡುವಿನ ದಿನ ಕನ್ನಡ ರಾಜ್ಯೋತ್ಸವ. ಧ್ವಜ ಹಾರಿಸಿ ಸಿಹಿ ಹಂಚಿ ಶಾಲೆ ಬಾಗಿಲು ಹಾಕಿರುತ್ತದೆ, ಆಫೀಸಿನಲ್ಲಿ ಯಾರೂ ಇರುವುದಿಲ್ಲ. ಅದರ ಹಿಂದಿನ ತಿಂಗಳಲ್ಲಿ ದಸರಾ ರಜೆ, ದೀಪಾವಳಿ ಆ ಕಡೆಗೋ ಈ ಕಡೆಗೋ. ಶಾಲೆಯಿಂದ ಬರಬೇಕಾದ ಕಾಗದಕ್ಕೆ ಸೆಪ್ಟೆಂಬರ್ ಕೊನೆಯೇ ಗಡುವೆಂದು ಇಟ್ಟುಕೊಳ್ಳಿ. ಕಾಮನ್ ಆ್ಯಪ್‌ನ ಗಡಿಯಾರ ಅರ್ಜಿದಾರರ ಊರಿನ ಸಮಯ ನೋಡುತ್ತದೆ, ನ್ಯೂಯಾರ್ಕಿನದ್ದಲ್ಲ. ಬೆಂಗಳೂರಿನಲ್ಲಿ ರಾತ್ರಿ 11.59 ಅಂದರೆ ಅದೇ ಕೊನೆ, ಬೆಳಗಿನ ತನಕ ಸಮಯ ಇದೆ ಎಂದುಕೊಂಡು ಮಲಗಬೇಡಿ.

ಪಿಯು ಕಾಲೇಜಿನವರಿಗೆ ಇನ್ನೊಂದು ಗಂಟು. ಅಮೆರಿಕದವರಿಗೆ 9ರಿಂದ 12ರವರೆಗಿನ ಅಂಕ ಬೇಕು. ನಮ್ಮಲ್ಲಿ 9, 10 ಒಂದು ಶಾಲೆ, ಪಿಯುಸಿ ಇನ್ನೊಂದು ಕಡೆ. ಪಿಯು ಕಾಲೇಜಿನ ಪ್ರಿನ್ಸಿಪಾಲರು ಹಳೆ ಶಾಲೆಯ ಅಂಕಪಟ್ಟಿಗೆ ಸಹಿ ಹಾಕುವುದಿಲ್ಲ, ಹಾಕಬಾರದು ಕೂಡ. ಹಳೆ ಶಾಲೆಯಿಂದ ಲೆಟರ್‌ಹೆಡ್, ಸೀಲು ಇರುವ ಪ್ರತ್ಯೇಕ ಟ್ರಾನ್ಸ್‌ಕ್ರಿಪ್ಟ್ ಬರೆಸಿಕೊಂಡು, ಪಿಯುಸಿಯದರ ಜೊತೆ ಒಂದೇ ಪಿಡಿಎಫ್ ಮಾಡಿ, ಕೌನ್ಸೆಲರ್ ಖಾತೆಯಿಂದಲೇ ಏರಿಸಬೇಕು. ಕೌನ್ಸೆಲರ್ ಹುದ್ದೆಯೇ ಇಲ್ಲದ ಕಡೆ ಪ್ರಿನ್ಸಿಪಾಲರೋ ಒಬ್ಬ ಲೆಕ್ಚರರೋ ಆ ಜಾಗ ತುಂಬಬಹುದು, ಆದರೆ ಕಾಲೇಜಿನ ಹೆಸರಿರುವ ಇಮೇಲ್ ವಿಳಾಸ ಇದ್ದರೆ ಒಳ್ಳೆಯದು. ಕಾಮನ್ ಆ್ಯಪ್‌ನ ಆಹ್ವಾನ ಸ್ಪ್ಯಾಮ್‌ಗೆ ಬೀಳುವುದು ಮಾಮೂಲು. ಪೋಷಕರ ಸಹಿಯ ಲಿಂಕ್ ಕೂಡ ಅಲ್ಲೇ ಹೋಗಿ ಕೂತಿರುತ್ತದೆ, ಕೊನೆಯ ದಿನ ಒಪ್ಪಂದ ಅರ್ಧಂಬರ್ಧ ಎಂದು ತೋರಿಸುತ್ತದೆ. ಸಲ್ಲಿಸಿದ ಮೇಲೆ ಅರ್ಲಿಯನ್ನು ರೆಗ್ಯುಲರ್ ಮಾಡಲು ಪುಟದಲ್ಲಿ ಬಟನ್ ಇಲ್ಲ. ಕಾಲೇಜಿಗೇ ಬರೆದು ಕೇಳಬೇಕು.

ಅಂಕದ ವಿಷಯಕ್ಕೆ ಬಂದರೆ, ಅರ್ಲಿಗೆ ಹೋಗುವುದು 11ರ ಅಂಕ, 12ರ ಅರ್ಧವಾರ್ಷಿಕ ಮತ್ತು ಶಾಲೆ ಊಹಿಸಿ ಕೊಡುವ ಪ್ರೆಡಿಕ್ಟೆಡ್ ಅಂಕ. 11ರಲ್ಲಿ ಜೆಇಇ ಕೋಚಿಂಗ್ ಗದ್ದಲದಲ್ಲಿ ಶಾಲೆಯ ಪರೀಕ್ಷೆ ಕೈಬಿಟ್ಟವರಿಗೆ ಜನವರಿಯ ಗಡುವೇ ವಾಸಿ, ಆಗ ತೋರಿಸಲು ಇನ್ನೊಂದು ಪರೀಕ್ಷೆಯ ಅಂಕ ಇರುತ್ತದೆ. ಎಸ್‌ಎಟಿಗೂ ಇದೇ ಲೆಕ್ಕ. ಅರ್ಲಿಗೆ ಅಕ್ಟೋಬರ್ ಪರೀಕ್ಷೆಯೇ ಕೊನೆಯದೆಂದುಕೊಳ್ಳಿ. ಬ್ರೌನ್, ಡಾರ್ಟ್‌ಮತ್ ಎರಡೂ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿವೆ.

ಕ್ಯಾಲಿಫೋರ್ನಿಯಾ, ಟೆಕ್ಸಸ್‌ನ ಕನ್ನಡದ ಮನೆಗಳಿಗೆ

ಎಚ್-1ಬಿ ಕೆಲಸದ ವೀಸಾ ಮೇಲಿರುವವರ, ಭಾರತದಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಬೆಳೆದು ಅಲ್ಲೇ ಹೈಸ್ಕೂಲ್ ಮುಗಿಸಿದರೂ ಅವಲಂಬಿತರ ಎಚ್-4 ವೀಸಾದಲ್ಲಿರುತ್ತಾರೆ. ಗ್ರೀನ್ ಕಾರ್ಡ್ ಬರುವವರೆಗೆ ಅವರಿಗೆ ಎಫ್‌ಎಎಫ್‌ಎಸ್‌ಎ, ಅಂದರೆ ಕೇಂದ್ರ ಸರ್ಕಾರದ ನೆರವಿನ ಅರ್ಜಿ, ಇಲ್ಲ. ಅನೇಕ ಖಾಸಗಿ ಕಾಲೇಜುಗಳು ನೆರವಿನ ಲೆಕ್ಕದಲ್ಲಿ ಅವರನ್ನು ವಿದೇಶಿಯರ ಸಾಲಿಗೇ ಹಾಕುತ್ತವೆ. ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಪೌರರೆಂದು ಭಾವಿಸಿ ಕಟ್ಟಬೇಕಾದದ್ದು 35,000 ಡಾಲರ್ ಎಂದು ತೋರಿಸಬಹುದು, ಬಿಲ್ಲು ಪೂರ್ತಿ ಬರಬಹುದು. ಅರ್ಲಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ‘ಎಚ್-4 ಇರುವ, ಇಲ್ಲೇ ಹೈಸ್ಕೂಲ್ ಓದಿದ ಮಗುವನ್ನು ನೀವು ಯಾವ ಸಾಲಿಗೆ ಸೇರಿಸುತ್ತೀರಿ’ ಎಂದು ಲಿಖಿತವಾಗಿ ಕೇಳಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ.

ಈ ಮನೆಗಳಿಗೆ ರೆಗ್ಯುಲರ್ ಸುತ್ತಿನ ನಿಜವಾದ ಎದುರಾಳಿ ಸ್ವಂತ ರಾಜ್ಯದ ವಿಶ್ವವಿದ್ಯಾಲಯ. ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಇನ್-ಸ್ಟೇಟ್ ಶುಲ್ಕ, ಅಂದರೆ ಆ ರಾಜ್ಯದವರಿಗಿರುವ ಕಡಿಮೆ ಶುಲ್ಕ, ಸಿಗುತ್ತದೆ, ನಿಯಮ ರಾಜ್ಯಕ್ಕೊಂದು. 21 ತುಂಬಿದಾಗ ವೀಸಾ ಎಫ್-1 (ವಿದ್ಯಾರ್ಥಿ ವೀಸಾ) ಆದರೆ ಆ ಶುಲ್ಕ ಉಳಿಯುತ್ತದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಯುಸಿಗಳಲ್ಲಿ, ಅಂದರೆ ಬರ್ಕ್‌ಲಿಯಂಥ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಅರ್ಲಿ ಸುತ್ತೇ ಇಲ್ಲ, ಎಸ್‌ಎಟಿ ನೋಡುವುದೂ ಇಲ್ಲ. ಅರ್ಜಿ ನವೆಂಬರ್ ಕೊನೆಗೆ, ಉತ್ತರ ಮಾರ್ಚ್‌ಗೆ. ಡಿಸೆಂಬರ್‌ನಲ್ಲಿ ಖಾಸಗಿ ಕಾಲೇಜು ಸಿಕ್ಕಿತೆಂದರೆ ಬರ್ಕ್‌ಲಿಯ ಉತ್ತರ ಏನಿತ್ತೆಂದು ತಿಳಿಯುವ ಮುಂಚೆಯೇ ಆ ಅರ್ಜಿ ಹಿಂದಕ್ಕೆ. ಇನ್-ಸ್ಟೇಟ್ ಶುಲ್ಕಕ್ಕೂ ಖಾಸಗಿಗೂ ಇರುವ ಅಂತರ ನಾಲ್ಕು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಮೀರಬಹುದು. ಅಷ್ಟು ಕೊಡಲು ಮನೆಯವರೆಲ್ಲ ಈಗಲೇ ಒಪ್ಪಿದ್ದಾರೆಯೇ? ಇಲ್ಲವಾದರೆ ಅರ್ಲಿ ಬೇಡ.

ಉಳಿದ ಎರಡರ ಬಗ್ಗೆ

ಅರ್ಲಿ ಆ್ಯಕ್ಷನ್‌ಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಪರ್ಡ್ಯೂ, ಇಲಿನಾಯ್ ಅರ್ಬಾನಾ-ಶಾಂಪೇನ್, ಮೇರಿಲ್ಯಾಂಡ್‌ನಂಥ ಕಡೆ ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ನವೆಂಬರ್ 1 ದಾಟಿಸುವುದು ಬುದ್ಧಿವಂತಿಕೆಯಲ್ಲ, ಜನವರಿಗೆ ಬೇಡಿಕೆಯ ಕೋರ್ಸ್‌ಗಳಲ್ಲಿ ಜಾಗ ಉಳಿದಿರುವುದು ಕಡಿಮೆ. ಯುಎಸ್‌ಸಿಯಲ್ಲಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮೆರಿಟ್ ಸ್ಕಾಲರ್‌ಶಿಪ್ ಬೇಕೆಂದರೂ ಹೆಚ್ಚಿನ ಕೋರ್ಸ್‌ಗಳಿಗೆ ನವೆಂಬರ್ 1ರ ಸುತ್ತೇ. ಕಟ್ಟುಪಾಡಿಲ್ಲ, ಬೆಲೆ ಹೋಲಿಸುವ ಹಕ್ಕು ಉಳಿಯುತ್ತದೆ. ಅರ್ಧ ಅಂಕ ಕಡಿಮೆ ಕೊಟ್ಟದ್ದು ಕೆಲಸವೆಲ್ಲ ಅಕ್ಟೋಬರ್‌ಗೇ ಬೀಳುವುದಕ್ಕೆ.

ರೆಗ್ಯುಲರ್‌ಗೆ ಮೂರೂವರೆ. ಬೆಲೆ ಹೋಲಿಸಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಹತ್ತು ಹನ್ನೆರಡು ಕಾಲೇಜಿಗೆ ತಲಾ 75ರಿಂದ 90 ಡಾಲರ್, ಪ್ರತಿಯೊಂದಕ್ಕೂ ಬೇರೆ ಪ್ರಬಂಧ, ಮೇಲೆ ಬೋರ್ಡ್ ಪರೀಕ್ಷೆಯ ಕಾಲ. ಅರ್ಲಿ ಡಿಸಿಷನ್‌ಗೆ ಅಂಕ ಕೊಡುವುದು ಕೊಳ್ಳುವವರ ಮೇಲೆ ನಿಂತಿದೆ. ಒಂದೇ ಕಾಲೇಜಿನ ಮೇಲೆ ನಿಜವಾದ ಮನಸ್ಸು, ಪೂರ್ತಿ ಬಿಲ್ಲು ಕಟ್ಟುವ ಶಕ್ತಿ ಇರುವವರಿಗೆ ನಾಲ್ಕು. ಮೇಲೆ ಹೇಳಿದ ನಾಲ್ಕು ಕಾಲೇಜುಗಳಿಗೆ ನೆರವು ಕೇಳಿ ಹಾಕುವವರಿಗೂ ನಾಲ್ಕು. ‘ಎಲ್ಲಾದರೂ ಒಂದು ಕಡೆ ಹಾಕಿಬಿಡೋಣ’ ಎನ್ನುವವರಿಗೆ ಒಂದು.

ಇದು ಕಾಲೇಜಿಗೆ ಲಾಭದ ಸರಕು ಎಂದು ಕಾಲೇಜುಗಳೇ ಒಮ್ಮೆ ಒಪ್ಪಿದ್ದವು. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ವರ್ಜೀನಿಯಾ ವಿಶ್ವವಿದ್ಯಾಲಯಗಳು ಬಡ ಮಕ್ಕಳಿಗೆ ಅನ್ಯಾಯವೆಂದು ಅರ್ಲಿ ಸುತ್ತುಗಳನ್ನು ಕೈಬಿಡುವುದಾಗಿ ಹೇಳಿದವು. ಬೇರೆಯವರು ಹಿಂದೆ ಬರಲಿಲ್ಲ, 2011ರಲ್ಲಿ ಮೂವರೂ ಮರಳಿ ತಂದರು. 2025ರ ಆಗಸ್ಟ್‌ನಲ್ಲಿ ಅರ್ಲಿ ಡಿಸಿಷನ್ ಸ್ಪರ್ಧೆಯನ್ನು ಹತ್ತಿಕ್ಕುತ್ತದೆ ಎಂದು 32 ಕಾಲೇಜುಗಳ ಮೇಲೆ ಮ್ಯಾಸಚೂಸೆಟ್ಸ್‌ನಲ್ಲಿ ದಾವೆ ಹೂಡಲಾಯಿತು.

ಡಿಸೆಂಬರ್ ಮಧ್ಯದ ಬೆಳಗ್ಗೆ

ಅಲ್ಲಿ ಸಂಜೆ 7ಕ್ಕೆ ಫಲಿತಾಂಶ ಬಿಟ್ಟರೆ ಇಲ್ಲಿ ಮಾರನೆಯ ಬೆಳಗ್ಗೆ 5.30. ಸಿಕ್ಕಿದರೆ ಮೊದಲು ನೆರವಿನ ಪತ್ರ ಓದಿ, ಆಮೇಲೆ ಸಂಬಂಧಿಕರಿಗೆ ಫೋನ್ ಮಾಡಿ. ಮೊತ್ತ ಸಾಲದಿದ್ದರೆ ಒಂದೆರಡು ದಿನದಲ್ಲೇ ಕಾಗದಪತ್ರ ಸಮೇತ ಮರುಪರಿಶೀಲನೆಗೆ ಬರೆಯಬೇಕು, ಏಕೆಂದರೆ ಠೇವಣಿ ಕಟ್ಟುವ ಗಡುವು ಜನವರಿ ಮೊದಲಲ್ಲೇ ಇರುತ್ತದೆ, ನಡುವೆ ಕ್ರಿಸ್ಮಸ್ ರಜೆ. ಉತ್ತರ ಬರುವ ತನಕ ಬೇರೆ ಅರ್ಜಿಗಳನ್ನು ವಾಪಸ್ ಪಡೆಯಬೇಡಿ. ಮೊತ್ತ ಸರಿಯಾದರೆ ಅದೇ ವಾರ ಎಲ್ಲ ಕಾಲೇಜುಗಳಿಗೂ ವಾಪಸಾತಿ ಬರೆದು, ಬ್ಯಾಂಕಿನಲ್ಲಿ ಸಾಲದ ಸ್ಯಾಂಕ್ಷನ್ ಪತ್ರಕ್ಕೆ ಅರ್ಜಿ ಕೊಡಬಹುದು. ಐ-20, ಅಂದರೆ ವಿದ್ಯಾರ್ಥಿ ವೀಸಾಗೆಂದು ಕಾಲೇಜು ಕೊಡುವ ಪತ್ರ, ಬರಬೇಕೆಂದರೆ ಕನಿಷ್ಠ ಮೊದಲ ವರ್ಷದ ಪೂರ್ತಿ ಖರ್ಚಿಗೆ ದುಡ್ಡು ತೋರಿಸಬೇಕು.

ತಿರಸ್ಕಾರವಾದರೆ ಆ ವರ್ಷ ಅದೇ ಕಾಲೇಜಿಗೆ ಮತ್ತೆ ಹಾಕುವಂತಿಲ್ಲ. ‘ಡಿಫರ್’ ಎಂದು ಬಂದರೆ ಅರ್ಜಿ ರೆಗ್ಯುಲರ್ ಸಾಲಿಗೆ ಹೋಯಿತು, ಒಪ್ಪಂದದ ಕಟ್ಟು ಅಲ್ಲಿಗೆ ಬಿತ್ತು. ಬೇಕೆಂದರೆ ಶಿಕಾಗೊ, ವ್ಯಾಂಡರ್‌ಬಿಲ್ಟ್, ಎನ್‌ವೈಯು, ಎಮರಿಯಂಥ ಕಡೆ ಇ.ಡಿ. 2 ಹಾಕಲು ಎರಡರಿಂದ ಮೂರು ವಾರ ಇರುತ್ತದೆ. ಆ ಪ್ರಬಂಧಗಳನ್ನು ಡಿಸೆಂಬರ್ ಮೊದಲ ವಾರಕ್ಕೇ ಬರೆದು ಇಟ್ಟಿರಬೇಕು. ತಿರಸ್ಕಾರದ ಮರುದಿನ ಕೂತು ಬರೆದ ಪ್ರಬಂಧದಲ್ಲಿ ಆ ಬೇಸರವೇ ಓದಲು ಸಿಗುತ್ತದೆ. ಡಿಫರ್ ಆದ ಕಾಲೇಜಿಗೆ ಒಂದೇ ಒಂದು ಪತ್ರ ಸಾಕು, ಹೊಸ ಸುದ್ದಿ ಇದ್ದರೆ ಮಾತ್ರ. ಅದಕ್ಕಿಂತ ತೂಕ ಮಿಡ್-ಇಯರ್ ರಿಪೋರ್ಟ್‌ಗೆ, ಅಂದರೆ ಶಾಲೆ ಕಳಿಸುವ 12ರ ನಡುವರ್ಷದ ಅಂಕಕ್ಕೆ. ಅದನ್ನು ಕಳಿಸಬೇಕಾದ ಫೆಬ್ರುವರಿಯಲ್ಲಿ ಪಿಯು ಕಾಲೇಜಿನವರು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮುಳುಗಿರುತ್ತಾರೆ, ಹಾಗಾಗಿ ಪ್ರಿಪರೇಟರಿ ಅಂಕ ಬಂದ ದಿನವೇ ಪ್ರಿನ್ಸಿಪಾಲರ ಸೀಲು ಹಾಕಿಸಿಟ್ಟುಕೊಳ್ಳಿ.